ಎಲ್ಲರ ಮನೆಯಲ್ಲೂ ಒಂದೇ ಮಾತು

‘ಎಲ್ಲರ ಮನೆಯಲ್ಲೂ ಬಿಡ್ತಾರೆ, ನೀವು ಮಾತ್ರ ಬಿಡಲ್ಲ.’ ಹರೆಯದ ಮಕ್ಕಳ ಈ ಒಂದು ಮಾತಿಗೆ ಸೋಲದ ಅಪ್ಪ ಅಮ್ಮ ಕಡಿಮೆ. ಐಸ್‌ಲ್ಯಾಂಡಿನ ಹೆತ್ತವರು ಇದಕ್ಕೆ ಉತ್ತರ ಹುಡುಕಿದ್ದು ಒಟ್ಟಾಗಿ ಕುಳಿತು.

ಉತ್ತರ ಅಟ್ಲಾಂಟಿಕ್ ಸಾಗರದ ಆ ಪುಟ್ಟ ದೇಶಕ್ಕೆ ತೊಂಬತ್ತರ ದಶಕ ಕಳವಳದ ಕಾಲ. ವಾರಾಂತ್ಯದ ರಾತ್ರಿಗಳಲ್ಲಿ ರಾಜಧಾನಿ ರೇಕ್ಯಾವಿಕ್‌ನ ಬೀದಿಗಳು ಅಮಲೇರಿದ ಹುಡುಗ ಹುಡುಗಿಯರದಾಗುತ್ತಿದ್ದವು. 1998ರಲ್ಲಿ, 15-16ರ ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಮತ್ತೇರುವಷ್ಟು ಕುಡಿದಿದ್ದರು. ಕುಡಿತದ ಕೆಡುಕಿನ ಪಾಠ ಶಾಲೆಗಳಲ್ಲಿ ನಡೆದೇ ಇತ್ತು. ಪಾಠ ಕೇಳಿದ ಮಕ್ಕಳೇ ರಾತ್ರಿ ಬೀದಿಯಲ್ಲೂ ಇದ್ದರು.

ಹಾಗಾದರೆ ಕುಡಿಯದೆ ಉಳಿದ ಮಕ್ಕಳನ್ನು ಉಳಿಸಿದ್ದೇನು? 1992ರಿಂದ ಸಂಶೋಧಕರು ಶಾಲೆಶಾಲೆಗಳಲ್ಲಿ ಮಕ್ಕಳಿಂದಲೇ ತುಂಬಿಸಿಕೊಂಡ ಪ್ರಶ್ನಾವಳಿಗಳಲ್ಲಿ ಉತ್ತರ ಸಿಕ್ಕಿತು. ವಾರದಲ್ಲಿ ಮೂರು ನಾಲ್ಕು ದಿನ ಆಟವೋ ಸಂಗೀತವೋ ಇದ್ದವರು, ಶಾಲೆಯಲ್ಲಿ ತಮ್ಮನ್ನು ವಿಚಾರಿಸುವವರಿದ್ದಾರೆ ಎನ್ನಿಸಿದವರು, ರಾತ್ರಿ ಹೊತ್ತುಮೀರಿ ಹೊರಗೆ ಅಲೆಯದವರು, ಎಲ್ಲಕ್ಕಿಂತ ಹೆಚ್ಚಾಗಿ ಹೆತ್ತವರ ಜೊತೆ ತುಂಬ ಹೊತ್ತು ಕಳೆಯುವವರು ಬಚಾವಾಗಿದ್ದರು. ಅಪರೂಪಕ್ಕೊಮ್ಮೆ ಊರು ಸುತ್ತಿಸಿ ತಂದರೆ ಸಾಲದು, ದಿನನಿತ್ಯದ ಒಡನಾಟ ಬೇಕು ಎಂದು ಸಂಶೋಧಕರು ತಂದೆತಾಯಿಯರಿಗೆ ಬಿಡಿಸಿ ಹೇಳಿದರು. ದುಡಿದು ದಣಿದು ಬರುವ ಮನೆಗಳಿಗೆ ಇದು ಸುಲಭವಲ್ಲ ನಿಜ. ಆದರೆ ಹೆತ್ತವರ ಜಾಗಕ್ಕೆ ಬೇರೆ ಯಾರೂ ಬರಲಾರರು.

ಕಾನೂನೂ ಬೆಂಬಲಕ್ಕಿತ್ತು. 20 ತುಂಬದವರಿಗೆ ಮದ್ಯ ಮಾರುವಂತಿಲ್ಲ. 13ರಿಂದ 16ರ ಮಕ್ಕಳು ಚಳಿಗಾಲದಲ್ಲಿ ರಾತ್ರಿ ಹತ್ತರ ನಂತರ, ಬೇಸಿಗೆಯಲ್ಲಿ ಹನ್ನೆರಡರ ನಂತರ ದೊಡ್ಡವರಿಲ್ಲದೆ ಹೊರಗಿರುವಂತಿಲ್ಲ. ಪ್ರತಿ ಶಾಲೆಯಲ್ಲೂ ಪೋಷಕರ ಸಂಘ ಇರಲೇಬೇಕು.

ಈ ಸಂಘಗಳಲ್ಲೇ ಪೋಷಕರು ಒಂದು ಒಪ್ಪಂದಕ್ಕೆ ಸಹಿ ಹಾಕತೊಡಗಿದರು. ದೊಡ್ಡವರಿಲ್ಲದ ಪಾರ್ಟಿಗೆ ನಮ್ಮ ಮನೆಯಲ್ಲಿ ಅವಕಾಶವಿಲ್ಲ. ಚಿಕ್ಕವರಿಗೆ ಮದ್ಯ ಕೊಂಡು ಕೊಡುವುದಿಲ್ಲ. ಬೇರೆಯವರ ಮಕ್ಕಳ ಮೇಲೂ ಕಣ್ಣಿಡುತ್ತೇವೆ. ಅದಕ್ಕೆ ತಕ್ಕಂತೆ ಅಪ್ಪ ಅಮ್ಮಂದಿರು ಗುಂಪು ಕಟ್ಟಿಕೊಂಡು ವಾರಾಂತ್ಯದ ರಾತ್ರಿ ತಮ್ಮ ಬಡಾವಣೆಯಲ್ಲಿ ಗಸ್ತು ತಿರುಗಿದರು. ಪಕ್ಕದ ಮನೆಯ ಹುಡುಗ ಬೀದಿಯಲ್ಲಿ ಕಂಡರೆ ಮುಖ ತಿರುಗಿಸಿ ಹೋಗದೆ, ಮಾತಾಡಿಸಿ ಮನೆಗೆ ಹೊರಡಿಸುವ ಧೈರ್ಯ ಬಂದದ್ದು ಆ ಹುಡುಗನ ಅಪ್ಪನ ಸಹಿಯೂ ಅದೇ ಕಾಗದದ ಮೇಲೆ ಇದ್ದುದರಿಂದ. ಒಂದು ಮನೆಯ ‘ಬೇಡ’ ಮಕ್ಕಳಿಗೆ ಅನ್ಯಾಯದಂತೆ ಕಾಣುತ್ತದೆ. ಇಡೀ ಬೀದಿಯೇ ಹೇಳಿದಾಗ ಅದು ಊರಿನ ರೂಢಿ.

ಬೇಡ ಎಂದಷ್ಟಕ್ಕೇ ನಿಲ್ಲಲಿಲ್ಲ. ಸಂಜೆಗೆ ಬೇರೆ ದಾರಿಯೂ ಬೇಕಲ್ಲ? ಆಟ, ಸಂಗೀತ, ನೃತ್ಯದ ತರಗತಿಗಳಿಗೆ ಸರ್ಕಾರ ಹಣ ಹೆಚ್ಚಿಸಿತು. ಬಡ ಮನೆಯ ಮಕ್ಕಳೂ ಸೇರಲೆಂದು ರೇಕ್ಯಾವಿಕ್ ನಗರ ಪ್ರತಿ ಮಗುವಿನ ಶುಲ್ಕಕ್ಕೆ ವರ್ಷವರ್ಷವೂ ನೆರವು ಕೊಟ್ಟಿತು. 2016ರ ಹೊತ್ತಿಗೆ, ಮತ್ತೇರುವಷ್ಟು ಕುಡಿದವರ ಆ ಶೇ 42 ಶೇ 5ಕ್ಕೆ ಇಳಿದಿತ್ತು.

ನಮ್ಮ ಸರ್ಕಾರಿ ಶಾಲೆಗಳಲ್ಲೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ಪೋಷಕರೇ ಇದ್ದಾರೆ. ಕಟ್ಟಡ, ಬಿಸಿಯೂಟದ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆಗೆ ಅಲ್ಲಿ ಅರ್ಧ ಗಂಟೆ ಕೊಡಬಹುದು: ಶಾಲೆ ಬಿಟ್ಟ ಮೇಲೆ ನಮ್ಮೂರ ಮಕ್ಕಳು ಎಲ್ಲಿರುತ್ತಾರೆ, ಅವರಿಗೆ ಆಡಲು ಜಾಗ ಎಲ್ಲಿದೆ, ಹದಿನೈದರ ಹುಡುಗನ ಕೈಗೆ ಬಾಟಲಿ ಕೊಡುವ ಅಂಗಡಿ ಯಾವುದು?