ಕಿವಿ ಕೇಳಿಸದ ಸಹೋದರರು ಮತ್ತು ನಮ್ಮ ಹೊಣೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಶಾಂತಿ ಇರಲಿ.

ಸಹೋದರರೇ, ಏನೂ ಅರಿಯದೆ ತಾಯಿಯ ಗರ್ಭದಿಂದ ಹೊರಬಂದ ನಮಗೆ ಶ್ರವಣ, ದೃಷ್ಟಿ ಮತ್ತು ಹೃದಯಗಳನ್ನು ಕೊಟ್ಟದ್ದನ್ನು ಅಲ್ಲಾಹನು ಸೂರಃ ಅನ್ನಹ್ಲ್‌ನಲ್ಲಿ ನೆನಪಿಸುತ್ತಾನೆ; ನಾವು ಕೃತಜ್ಞರಾಗಬೇಕೆಂದು ಬಯಸುತ್ತಾನೆ. ಬಾಯಲ್ಲಿ ಅಲ್‌ಹಮ್ದುಲಿಲ್ಲಾಹ್ ಎಂದರೆ ಈ ಕೃತಜ್ಞತೆ ಪೂರ್ತಿಯಾಗುವುದಿಲ್ಲ. ಕಿವಿ ಕೇಳಿಸದವನಿಗೆ ವಿಷಯ ತಿಳಿಯುವಂತೆ ಮಾಡುವುದೂ ಸದಕ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ನಮ್ಮ ಕುಟುಂಬಗಳಲ್ಲೂ ಈಗ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನದ ಮಾತು ಬರುತ್ತಿದೆ. ಅದೇನೆಂದು ತಿಳಿಯೋಣ. ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಒಂದು ಭಾಗವಿದೆ. ಅಲ್ಲಾಹನು ಅದರಲ್ಲಿಟ್ಟ ಸುಮಾರು 15,000 ಸೂಕ್ಷ್ಮ ಕೋಶಗಳು ಸದ್ದನ್ನು ನರಕ್ಕೆ ದಾಟಿಸುತ್ತವೆ. ಅವು ಹಾಳಾದಾಗ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿ ಅಲ್ಲಿಗೆ ಒಂದು ಸಣ್ಣ ತಂತಿಯನ್ನು ಸೇರಿಸುತ್ತಾರೆ. ಆ ತಂತಿಯಲ್ಲಿರುವ ಎಲೆಕ್ಟ್ರೋಡ್‌ಗಳು ಸಾಮಾನ್ಯವಾಗಿ 12ರಿಂದ 22 ಮಾತ್ರ. ಕಿವಿಯ ಹಿಂದೆ ಧರಿಸುವ ಯಂತ್ರವು ಸದ್ದನ್ನು ವಿದ್ಯುತ್ ಸಂಕೇತವಾಗಿಸಿ ಒಳಗೆ ಕಳಿಸುತ್ತದೆ.

ಆದ್ದರಿಂದ ಆಪರೇಷನ್ ಆದ ಮರುದಿನವೇ ಎಲ್ಲ ಕೇಳಿಸುತ್ತದೆಂದು ಭಾವಿಸುವುದು ತಪ್ಪು. ಗಾಯ ಮಾಗಿದ ಮೇಲೆಯೇ ಯಂತ್ರವನ್ನು ಚಾಲೂ ಮಾಡುತ್ತಾರೆ. ಮೊದಮೊದಲು ಮಾತು ಕೀರಲಾಗಿ, ಯಂತ್ರದ ಸದ್ದಿನಂತೆ ಕೇಳಿಸಬಹುದು. ಸಂಕೇತದ ಮಟ್ಟ ಸರಿಪಡಿಸಿಕೊಳ್ಳಲು ಪದೇ ಪದೇ ತಜ್ಞರ ಬಳಿ ಹೋಗಬೇಕು, ತಿಂಗಳುಗಟ್ಟಲೆ ಆಲಿಸುವ ಅಭ್ಯಾಸ ಮಾಡಬೇಕು. ಮಾತು ಕಲಿತು ದೊಡ್ಡವರಾದ ಮೇಲೆ ಶ್ರವಣ ಕಳೆದುಕೊಂಡವರಿಗೆ ಸಾಮಾನ್ಯವಾಗಿ ಹೆಚ್ಚು ಪ್ರಯೋಜನವಾಗುತ್ತದೆ. ಅನೇಕರು ಮತ್ತೆ ಫೋನಿನಲ್ಲಿ ಮಾತಾಡುವಂತಾಗಿದ್ದಾರೆ. ಹುಟ್ಟಿನಿಂದ ಸದ್ದನ್ನೇ ಕೇಳದೆ ಬೆಳೆದ ವಯಸ್ಕರಿಗೆ ಬಾಗಿಲು ಬಡಿದದ್ದು, ಬಸ್ಸಿನ ಹಾರ್ನ್ ಗೊತ್ತಾಗಬಹುದು. ಮಾತು ಬಿಡಿಸಿಕೊಳ್ಳುವುದು ಬಹಳ ಕಷ್ಟ.

ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಮಸ್ಜಿದ್‌ನಲ್ಲಿ ಅರಬಿ. ನಮಗೆ ಸಲೀಸಾದ ಇದು ಅವರಿಗೆ ಮೂರು ಪಟ್ಟು ದುಡಿಮೆ. ಸಂಜೆ ಹೊತ್ತಿಗೆ ದಣಿದು ಯಂತ್ರ ತೆಗೆದಿಟ್ಟರೆ ‘ಲಕ್ಷಾಂತರ ಸುರಿದರೂ ಕೇಳಿಸಿಕೊಳ್ಳುವುದಿಲ್ಲ’ ಎಂದು ಹಂಗಿಸುವ ಮನೆಗಳಿವೆ. ಪರಿಹಾಸ್ಯ ಮಾಡುವುದನ್ನೂ ಅಡ್ಡಹೆಸರಿನಿಂದ ಕರೆಯುವುದನ್ನೂ ಸೂರಃ ಅಲ್‌ಹುಜುರಾತ್ ನಿಷೇಧಿಸಿದೆ. ಬೀದಿಯಲ್ಲಿ ‘ಏ ಕಿವುಡಾ’ ಎಂದು ಕೂಗುವವರೂ ಈ ಎಚ್ಚರಿಕೆಯನ್ನು ನೆನಪಿಡಬೇಕು. ಕೂಗುವುದರಿಂದ ಅವರಿಗೆ ಸ್ಪಷ್ಟವಾಗುವುದೂ ಇಲ್ಲ. ಮುಖ ಕಾಣುವಂತೆ ಎದುರು ನಿಂತು, ನಿಧಾನವಾಗಿ, ಒಬ್ಬೊಬ್ಬರಾಗಿ ಮಾತಾಡಬೇಕು.

ವುಝೂ ಬಗ್ಗೆ ಕೆಲವರಿಗೆ ಸಂಶಯವಿದೆ. ಹೊರಗಿನ ಯಂತ್ರವನ್ನು ತೆಗೆದಿಟ್ಟು ತಲೆ ಮತ್ತು ಕಿವಿಯ ಮಸಹ್ ಮಾಡಿ ಮತ್ತೆ ಧರಿಸಬಹುದು. ಒಳಗಿನ ಭಾಗ ಚರ್ಮದ ಅಡಿಯಲ್ಲಿರುವುದರಿಂದ ಗುಸ್ಲ್‌ನಲ್ಲಿ ನೀರಿಗೆ ಅಡ್ಡಿಯಾಗದು. ಇನ್ನು ಇಂಪ್ಲಾಂಟ್ ಬೇಡವೆಂದು ಸನ್ನೆ ಭಾಷೆಯಲ್ಲೇ ಬದುಕುವವರನ್ನು ಕೀಳಾಗಿ ಕಾಣಬಾರದು. ಮಾತು ಬಾರದವನ ಸ್ಪಷ್ಟ ಸನ್ನೆ ಮಾತಿಗೆ ಸಮ ಎಂದು ಫುಕಹಾಗಳು ಒಪ್ಪಿದ್ದಾರೆ; ನಿಕಾಹ್‌ನ ಕಬೂಲ್ ಕೂಡ ಹಾಗೆಯೇ ಆಗುತ್ತದೆ. ಹಾಗಿರುವಾಗ ಅವರ ಮದುವೆ, ಆಸ್ತಿ, ದುಡಿಮೆಯ ತೀರ್ಮಾನಗಳನ್ನು ಅವರನ್ನು ಕೇಳದೆ ಮಾಡುವ ಅಧಿಕಾರ ಅಣ್ಣತಮ್ಮಂದಿರಿಗೆ ಎಲ್ಲಿಂದ ಬಂತು?

ಖರ್ಚಿನ ವಿಷಯವನ್ನೂ ಬಿಚ್ಚಿ ಹೇಳಬೇಕು. ಇಂಪ್ಲಾಂಟ್‌ಗೆ ಸರಕಾರ ಕೊಡುವ ನೆರವು ಮುಖ್ಯವಾಗಿ ಮಕ್ಕಳಿಗೆ. ವಯಸ್ಕರ ಭಾರ ಬಹುಪಾಲು ಮನೆಯ ಮೇಲೆಯೇ ಬೀಳುತ್ತದೆ. ಆಪರೇಷನ್‌ನೊಂದಿಗೆ ಖರ್ಚು ಮುಗಿಯುವುದಿಲ್ಲ. ಬ್ಯಾಟರಿ, ಕೇಬಲ್, ರಿಪೇರಿ, ದೂರದ ಊರಿನ ಬಸ್ ಚಾರ್ಜು ಇದ್ದೇ ಇರುತ್ತವೆ. ಝಕಾತ್‌ಗೆ ಅರ್ಹನಾದ ಬಡವನಿಗೆ ನೆರವಾಗುವವರು ಆಪರೇಷನ್‌ಗೆ ಕೊಟ್ಟು ಕೈತೊಳೆದುಕೊಳ್ಳದೆ ಮುಂದಿನ ವರ್ಷಗಳ ಖರ್ಚನ್ನೂ ಯೋಚಿಸಲಿ. ಬ್ಯಾಟರಿಗೆ ಹಣವಿಲ್ಲದೆ ಯಂತ್ರ ಪೆಟ್ಟಿಗೆ ಸೇರಿದರೆ ಆತ ಮತ್ತೆ ಮೌನಕ್ಕೇ ಮರಳುತ್ತಾನೆ. ಸಾಲ ಮಾಡುವ ಮೊದಲು 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂತಹ ಕಡೆ ಪರೀಕ್ಷೆ ಮಾಡಿಸಿ, ಯಾವುದು ಉಪಯುಕ್ತವೆಂದು ಕೇಳಿ ತಿಳಿಯಿರಿ. ಕೆಲವರಿಗೆ ಸಾಮಾನ್ಯ ಶ್ರವಣ ಸಾಧನವೇ ಸಾಕಾಗುತ್ತದೆ.

ಮಸ್ಜಿದ್ ಕಮಿಟಿಗಳಿಗೂ ಒಂದು ಮಾತು. ಪ್ರತಿಧ್ವನಿಸುವ ಹಾಲ್‌ನಲ್ಲಿ ಲೌಡ್‌ಸ್ಪೀಕರ್ ಜೋರು ಮಾಡಿದರೆ ಇಂಪ್ಲಾಂಟ್ ಇರುವವರಿಗೆ ಗದ್ದಲವೇ ಹೆಚ್ಚು. ಖತೀಬರ ತುಟಿ ಕಾಣುವ ಜಾಗವನ್ನು ಅವರಿಗೆ ಬಿಟ್ಟುಕೊಡೋಣ. ಖುತ್ಬಾದ ಸಾರವನ್ನು ಬರೆದು ಕೈಗೆ ಕೊಡೋಣ. ಸನ್ನೆ ಭಾಷೆ ಬಲ್ಲ ಒಬ್ಬ ಯುವಕನನ್ನಾದರೂ ತಯಾರು ಮಾಡೋಣ.

ಅಂಧರಾಗಿದ್ದ ಇಬ್ನ್ ಉಮ್ಮು ಮಕ್ತೂಮ್(ರ) ಕಲಿಯಲೆಂದು ಬಂದಾಗ ಅವರ ಕಡೆ ಗಮನ ಹರಿಯದ್ದಕ್ಕೆ ಸೂರಃ ಅಬಸದ ವಚನಗಳು ಅವತೀರ್ಣವಾದವು. ನಂತರ ಪ್ರವಾದಿವರ್ಯರು(ಸ) ಅವರನ್ನು ಗೌರವಿಸಿದರು, ಅಝಾನ್ ಕೊಡುವ ಹೊಣೆಯನ್ನೂ ಒಪ್ಪಿಸಿದರು. ನಮ್ಮ ಸಫ್‌ನಲ್ಲಿ ಏನೂ ಕೇಳಿಸದೆ ಕುಳಿತವನೂ ಕಲಿಯಲೆಂದೇ ಬಂದಿದ್ದಾನೆ. ಅವನಿಂದ ಮುಖ ತಿರುಗಿಸದಿರುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.