ಅರ್ಧ ಕಚೇರಿ ಖಾಲಿ, ವಜಾ ಆದವರು ಯಾರೂ ಇಲ್ಲ!

2020ರ ಜನವರಿ 31ನೇ ತಾರೀಕು, ಒಂದೇ ದಿನ, ಬಿಎಸ್‌ಎನ್‌ಎಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಹೊರಗೆ ಬಂದರು. ಇದ್ದವರು ಒಟ್ಟು ಸುಮಾರು ಒಂದೂವರೆ ಲಕ್ಷ. ಅಂದ್ರೆ ಅರ್ಧಕ್ಕರ್ಧ! ಆದರೆ ಕಡತದಲ್ಲಿ 'ವಜಾ' ಅನ್ನೋ ಪದ ಹುಡುಕಿದ್ರೂ ಸಿಗಲ್ಲ. ಎಲ್ಲರದ್ದೂ ಸ್ವಯಂ ನಿವೃತ್ತಿ.

ಈ 'ಸ್ವಯಂ' ಅನ್ನೋದರ ಮೇಲೇ ನನ್ನ ತಕರಾರು. ಸರ್ಕಾರ ಕೊಟ್ಟ ದುಡ್ಡು ಕಡಿಮೆ ಅಂತ ನಾನು ಹೇಳ್ತಿಲ್ಲ. ಮುಗಿಸಿದ ಪ್ರತಿ ವರ್ಷಕ್ಕೆ 35 ದಿನದ ಸಂಬಳ, ಉಳಿದ ಪ್ರತಿ ವರ್ಷಕ್ಕೆ 25 ದಿನದ ಸಂಬಳ. ಐವತ್ತು ದಾಟಿದವರಿಗೆ, ಮಗಳ ಮದುವೆಯೋ ಮನೆ ಸಾಲವೋ ಇದ್ದವರಿಗೆ ಅದು ದೊಡ್ಡ ಮೊತ್ತವೇ. ಖುಷಿಯಿಂದ ಹೋದವರೂ ಇದ್ದಾರೆ. ಆದರೆ ಅರ್ಜಿ ಬಂದ ಕಾಲ ನೋಡಿ. 2019ರ ಫೆಬ್ರವರಿ ಸಂಬಳ ಕೈಗೆ ಬಂದಿದ್ದು ಮಾರ್ಚ್ ಮಧ್ಯಕ್ಕೆ. ನಿವೃತ್ತಿ ವಯಸ್ಸನ್ನ 58ಕ್ಕೆ ಇಳಿಸ್ತಾರಂತೆ ಅನ್ನೋ ಗುಲ್ಲು ಬೇರೆ. ನಾಳೆ ಸಂಬಳ ಬರುತ್ತೋ ಇಲ್ವೋ ಗೊತ್ತಿಲ್ಲದವನ ಮುಂದೆ ಅರ್ಜಿ ಇಟ್ಟು 'ನಿಮ್ಮಿಷ್ಟ ಸ್ವಾಮಿ' ಅಂದ್ರೆ ಏನರ್ಥ?

2000ದಲ್ಲಿ ಹೀಗಿರಲಿಲ್ಲ. ದೂರಸಂಪರ್ಕ ಇಲಾಖೆಯನ್ನ ಕಂಪನಿ ಮಾಡೋಕೆ ಹೊರಟಾಗ ಸಂಘಟನೆಗಳು ಮುಷ್ಕರ ಹೂಡಿದವು, ಮೇಜಿನ ಮುಂದೆ ಕೂತವು, ಇಲಾಖೆಯಿಂದ ಬಂದವರಿಗೆ ಸರ್ಕಾರಿ ಪಿಂಚಣಿ ಬರೆಸಿಕೊಂಡೇ ಎದ್ದವು. 2019ರ ಫೆಬ್ರವರಿಯಲ್ಲೂ ಮೂರು ದಿನ ಮುಷ್ಕರ ಆಯ್ತು. ಅವರು ಕೇಳಿದ್ದರಲ್ಲಿ ವೇತನ ಪರಿಷ್ಕರಣೆ ಇತ್ತು, 4ಜಿ ತರಂಗಾಂತರವೂ ಇತ್ತು. ಎರಡನೇದನ್ನ ಗಮನಿಸಿ. ನಾನು ಓದಿದ್ದು ಇಂಜಿನಿಯರಿಂಗ್. ತರಂಗಾಂತರ ಕೊಡದೆ 4ಜಿ ಪೈಪೋಟಿಗೆ ಇಳಿ ಅನ್ನೋದು ಗಾಳಿ ತೆಗೆದ ಸೈಕಲ್ ಕೊಟ್ಟು ರೇಸಿಗೆ ಕಳಿಸಿದ ಹಾಗೆ. ಜಿಯೋ 2016ರಲ್ಲೇ 4ಜಿ ಹಿಡಿದು ಬಂದಿತ್ತು. ಕಂಪನಿ ಉಳಿಸೋ ದಾರಿಯನ್ನ ಲೈನ್‌ಮನ್‌ಗಳ ಸಂಘವೇ ಹೇಳ್ತಿತ್ತು.

ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ತರಂಗಾಂತರಕ್ಕೂ ಒಪ್ಪಿತು, ಸ್ವಯಂ ನಿವೃತ್ತಿಗೂ ಒಪ್ಪಿತು. ನಿವೃತ್ತಿ ಅರ್ಜಿ ನವೆಂಬರ್ 4ಕ್ಕೇ ತೆರೆದು ಡಿಸೆಂಬರ್ 3ಕ್ಕೆ ಮುಚ್ಚಿತು. 4ಜಿ ಮಾತ್ರ ವರ್ಷಗಟ್ಟಲೆ ಕಾಯಿಸಿತು. ಆ ಒಂದು ತಿಂಗಳು ನೌಕರರ ಪರವಾಗಿ ಚೌಕಾಸಿ ಮಾಡೋಕೆ ಮೇಜೇ ಇರಲಿಲ್ಲ. ಒಬ್ಬೊಬ್ಬರೂ ಕಂಪ್ಯೂಟರ್ ಮುಂದೆ ಒಂಟಿಯಾಗಿ ಕೂತು ಗುಂಡಿ ಒತ್ತಿದರು.

ಇನ್ನು ಗುತ್ತಿಗೆ ನೌಕರರು. ಕೇಬಲ್ ಅಗೆದವರು, ಎಕ್ಸ್‌ಚೇಂಜ್ ಕಾದವರು. ಅದೇ 2019ರಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದವರು ಇವರಲ್ಲೇ ಸಾವಿರಾರು. ಇವರ ಪಾಲಿಗೆ 35 ದಿನದ ಲೆಕ್ಕವೂ ಇರಲಿಲ್ಲ, ಪಿಂಚಣಿಯೂ ಇರಲಿಲ್ಲ. ಇವರಿಗೆ ತುಂಬೋಕೆ ಅರ್ಜಿಯನ್ನೇ ಕೊಟ್ಟಿರಲಿಲ್ಲ.