ಚಿಕ್ಕ ಪಾತ್ರಕ್ಕೂ ಒಂದು ಹೆಸರು

ದೊಡ್ಡಾಟ ನೋಡಿದ ನಿಮಗೆ ಒಂದು ಕ್ರಮ ನೆನಪಿರಬಹುದು. ಪಾತ್ರಧಾರಿ ರಂಗಕ್ಕೆ ಬಂದು ನಿಂತನೆಂದರೆ ಸಾರಥಿ ಎದುರಾಗಿ, ತಾವು ಯಾರು, ಹೆಸರೇನು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಈ ಪ್ರಶ್ನೆಗಳ ಬೆಲೆ ನನಗೆ ತಿಳಿದದ್ದು ಪಾಪಿನಾಯಕನಹಳ್ಳಿಯ ಅಕ್ಕನ ಮನೆಯಲ್ಲಿ, ಮಕ್ಕಳೊಂದಿಗೆ ಆಡಿದ ಒಂದು ಆಟದಿಂದ.

1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟ ಪ್ರಕಟವಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದನ್ನು ರೂಪಿಸಿದವರು. ಇಂಥ ಆಟದಲ್ಲಿ ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಕಥೆ ನಡೆಸುವವನು ಉಳಿದವರೆಲ್ಲರೂ ಆಗಬೇಕು: ಕಾವಲುಗಾರ, ಅಂಗಡಿಯವಳು, ದಾರಿಹೋಕ. ಸಂದೇಹವಿದ್ದಲ್ಲಿ ದಾಳ ತೀರ್ಮಾನ ಹೇಳುತ್ತದೆ.

ನಾವು ಕೃಷ್ಣದೇವರಾಯನ ಕಾಲದ ಹಂಪಿಯನ್ನು ಆರಿಸಿಕೊಂಡೆವು. ಮಕ್ಕಳು ವ್ಯಾಪಾರಿಗಳು. ತಳವಾರಘಟ್ಟದಲ್ಲಿ ಹರಿಗೋಲಿನ ಅಂಬಿಗನೊಬ್ಬ ಬೇಕಾಯಿತು. ಅಕ್ಕನ ಮಗಳು ಹೆಸರು ಕೇಳಿದಳು. ಬಾಯಿಗೆ ಬಂದಂತೆ ‘ಹನುಮಪ್ಪ’ ಎಂದೆ. ಮಗಳ ಮದುವೆ ಹತ್ತಿರವಿದೆ, ಬಾಡಿಗೆ ಹಿಂದಿರುಗುವಾಗ ಕೊಡಿ ಎಂದು ಅವನಿಂದ ಹೇಳಿಸಿದೆ. ಮೂರು ದಿನಗಳ ನಂತರ ಅವರು ಆನೆಗೊಂದಿಯಿಂದ ಮರಳುವ ಹೊತ್ತಿಗೆ ನಾನು ಎಲ್ಲವನ್ನೂ ಮರೆತಿದ್ದೆ. ಬೇರೊಬ್ಬ ಅಂಬಿಗನನ್ನು ತಂದೆ.

“ಮಾಮಾ, ಈತ ಆತ ಅಲ್ಲ. ಹನುಮಪ್ಪ ಎಲ್ಲಿ ಹೋದ?”

“ಆತ ಸತ್ತ” ಎಂದು ಜಾರಿಕೊಂಡೆ. ಹುಡುಗಿ ದಾಳವನ್ನು ಕೆಳಗಿಟ್ಟು ಎದ್ದು ಹೋದಳು. ಅವನಿಗೆ ಕೊಡಬೇಕಾದ ಹಣವನ್ನು ಅವಳು ತನ್ನ ಹಾಳೆಯಲ್ಲಿ ಬೇರೆಯಾಗಿ ಬರೆದಿಟ್ಟಿದ್ದಳು.

ವಿಜ್ಞಾನ ಓದಿದವನಿಗೆ ಪ್ರಯೋಗದ ದಾಖಲೆ ಹೊಸದಲ್ಲ. ಚಿತ್ರೀಕರಣದಲ್ಲಿ ನಟನ ಅಂಗಿಯ ಗುಂಡಿಯನ್ನೂ ಗುರುತು ಹಾಕಿಕೊಳ್ಳುವವನು ನಾನು. ಆದರೂ ಇಲ್ಲಿ ಎಡವಿದೆ. ಆ ರಾತ್ರಿ ಒಂದು ನೋಟ್‌ಬುಕ್ ತೆರೆದೆ. ನೀವೂ ಹೀಗೆ ಮಾಡಬಹುದು.

ಮೊದಲ ಪುಟದಲ್ಲಿ ಇಪ್ಪತ್ತು ಹೆಸರುಗಳನ್ನು ಮೊದಲೇ ಬರೆದಿಡಿ: ಹುಲಿಗೆಮ್ಮ, ಹೊನ್ನೂರಪ್ಪ, ಪಂಪಾಪತಿ, ತಾಯಪ್ಪ. ಬಳಸಿದ ಹೆಸರಿಗೆ ಗುರುತು ಹಾಕಿ. ಆಮೇಲೆ ಪ್ರತಿ ಪಾತ್ರಕ್ಕೂ ನಾಲ್ಕೇ ಸಾಲು: ಹೆಸರು, ಅವನಿಗೆ ಬೇಕಾದದ್ದು, ಮಾತಿನ ಅಥವಾ ನಡೆಯ ಒಂದು ಗುರುತು, ಕೊನೆಗೆ ಕಂಡದ್ದು ಎಲ್ಲಿ, ಉಳಿದ ಮಾತು ಯಾವುದು. ನಾಲ್ಕನೆಯದನ್ನು ಆಟ ಮುಗಿದ ಕೂಡಲೇ ತುಂಬಿ. ಬೆಳಗಾದರೆ ಮರೆತುಹೋಗುತ್ತದೆ.

ಹೆಚ್ಚು ಬರೆಯಬೇಡಿ. ನಮ್ಮ ತೊಗಲುಗೊಂಬೆಯಾಟದಲ್ಲಿ ರಾಜರ, ದೇವತೆಗಳ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಆದರೆ ನಗಿಸುವ ಕಿಳ್ಳೇಕ್ಯಾತನನ್ನೂ ಬಂಗಾರಕ್ಕನನ್ನೂ ಯಾರು ಮರೆಯುತ್ತಾರೆ? ಗಾತ್ರ ಚಿಕ್ಕದಾದರೂ ಅವರ ದನಿ ಅವರದೇ. ಆಟಗಾರರು ಯಾರನ್ನು ಮತ್ತೆ ಮತ್ತೆ ವಿಚಾರಿಸುತ್ತಾರೋ ಅವರಿಗೆ ಮಾತ್ರ ಇನ್ನೊಂದು ಸಾಲು ಸೇರಿಸಿ.

ಮರುದಿನ ಹುಡುಗಿಯ ಎದುರು ನನ್ನ ತಪ್ಪು ಒಪ್ಪಿಕೊಂಡೆ. ಹನುಮಪ್ಪ ಸತ್ತಿರಲಿಲ್ಲ, ಮದುವೆಯ ಓಡಾಟಕ್ಕೆ ಕಂಪ್ಲಿಗೆ ಹೋಗಿದ್ದ. ಅವಳು ಬಾಡಿಗೆ ಎಣಿಸಿ ಕೊಟ್ಟಳು, ಮೇಲೆ ಒಂದು ಹಣ ಮುಯ್ಯಿಯನ್ನೂ ಸೇರಿಸಿದಳು. ನಾನು ಅದನ್ನು ನಾಲ್ಕನೆಯ ಸಾಲಿನಲ್ಲಿ ಬರೆದುಕೊಂಡೆ.